ಮೆಡಿಕಲ್‌ಗೆ ಮುಂಚಿನ ಎರಡು ದಿನ

ನನ್ನ ಓರಗಿತ್ತಿ ಸಿಟಿ ಬಸ್ಸು ಓಡಿಸುತ್ತಾಳೆ. ಡಿಪೋದಲ್ಲಿ ಅವಳನ್ನು ಎಲ್ಲರೂ ಬ್ರೇಕಮ್ಮ ಎಂದೇ ಕರೆಯುವುದು. ಅವಳು ಬ್ರೇಕು ಒತ್ತಿದರೆ ನಿಂತ ಪ್ರಯಾಣಿಕರ ಕೈಯಲ್ಲಿರುವ ಟೀ ಕೂಡ ತುಳುಕುವುದಿಲ್ಲ, ಅದಕ್ಕೆ. ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸತರಲ್ಲಿ ಸೈಕಲ್ಲು ಹತ್ತಲೂ ಹೆದರುತ್ತಿದ್ದವಳು, ಮಗಳು ಶಾಲೆಗೆ ಸೇರಿದ ವರ್ಷ ಯಾರಿಗೂ ಹೇಳದೆ ಹೋಗಿ ದೊಡ್ಡ ಗಾಡಿಯ ಲೈಸೆನ್ಸು ತಂದು ನನ್ನ ಮೈದುನನ ಮುಂದೆ ಇಟ್ಟಳು. ಅವನು ಪಂಪು ರಿಪೇರಿಯವನು, ಮಾತು ಕಡಿಮೆ. ಲೈಸೆನ್ಸನ್ನು ತಿರುವಿ ಮುರುವಿ ನೋಡಿ, "ಫೋಟೋದಲ್ಲಿ ಯಾಕೆ ಅಳ್ತಾ ಇದ್ದೀಯ?" ಎಂದಷ್ಟೇ ಕೇಳಿದ.

ನಾನು ಅದೇ ಡಿಪೋದಲ್ಲಿ ಕ್ಯಾಂಟೀನು ನಡೆಸುತ್ತೇನೆ. ಮನೆಯಲ್ಲಿ ಅವರು ಮಹಡಿಯ ಮೇಲೆ, ನಾವು ಕೆಳಗೆ. ಹಾಗಾಗಿ ಅವಳು ಎಷ್ಟು ಹೊತ್ತಿಗೆ ಎದ್ದಳು, ಏನು ತಿಂದಳು, ಯಾರ ಮೇಲೆ ಸಿಟ್ಟಾದಳು ಎನ್ನುವುದೆಲ್ಲ ಕೇಳದೆಯೇ ನನಗೆ ಗೊತ್ತಾಗುತ್ತದೆ. ನನ್ನ ಬಾಯಿ ದೊಡ್ಡದು ಎಂದು ಡಿಪೋದಲ್ಲಿ ಹೇಳುತ್ತಾರೆ. ಇರಲಿ. ನಲವತ್ತು ಜನ ಡ್ರೈವರುಗಳಿಗೆ ಒಟ್ಟಿಗೆ ಹಸಿವಾದಾಗ ಸಣ್ಣ ಬಾಯಿ ಇಟ್ಟುಕೊಂಡು ಏನು ಮಾಡುವುದು?

ಬ್ರೇಕಮ್ಮನಿಗೆ ರಸ್ತೆಯ ಭಯವಿಲ್ಲ, ಮೇಲಧಿಕಾರಿಗಳ ಭಯವಿಲ್ಲ, ನನ್ನ ಭಯವಂತೂ ಮೊದಲೇ ಇಲ್ಲ. ಅವಳಿಗೆ ಭಯ ಸಕ್ಕರೆ ಕಾಯಿಲೆಯದು. ಅದೂ ಅಂಥಿಂಥ ಭಯವಲ್ಲ. ಅವಳ ತಾಯಿಗೆ ಆ ಕಾಯಿಲೆಯಿಂದ ಮೊದಲು ಕಾಲಿನ ಒಂದು ಬೆರಳು ಹೋಯಿತು, ಆಮೇಲೆ ಪಾದವೇ ಹೋಯಿತು, ಕೊನೆಗೆ ಎರಡೂ ಕಣ್ಣು ಹೋದವು. ಆ ತಾಯಿಯನ್ನು ನಾನೂ ನೋಡಿದ್ದೇನೆ. ಕಿಟಕಿಯ ಪಕ್ಕ ತಳ್ಳುಕುರ್ಚಿಯಲ್ಲಿ ಕೂತಿರುತ್ತಿದ್ದರು. ಹತ್ತಿರ ಹೋದರೆ ಮುಖವನ್ನು ಕೈಯಿಂದ ಸವರಿ, "ನೀನಾ? ಸೊರಗಿದ್ದೀಯಲ್ಲೇ" ಎನ್ನುತ್ತಿದ್ದರು. ಆ ಬೆರಳುಗಳು ತಣ್ಣಗಿರುತ್ತಿದ್ದವು. ಮನೆಗೆ ಬಂದ ಮೇಲೆ ನಾನು ಸುಮ್ಮಸುಮ್ಮನೆ ದೀಪ ಹಾಕಿ ಆರಿಸಿ ನೋಡುತ್ತಿದ್ದೆ. ನನಗೇ ಹಾಗಾದರೆ ಹೆತ್ತ ಮಗಳಿಗೆ ಹೇಗಾಗಬೇಡ?

ಇವಳು ಬಸುರಿಯಾಗಿದ್ದಾಗ ಏಳನೇ ತಿಂಗಳಿನಲ್ಲಿ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದೆ ಎಂದರು. ಆ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತವಳು ಏಳಲೇ ಇಲ್ಲ. ನಾನು ಒಂದು ಕಡೆ, ಮೈದುನ ಒಂದು ಕಡೆ ಹಿಡಿದು ಎಬ್ಬಿಸಿದೆವು. ಹೆರಿಗೆಯವರೆಗೂ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡಳು. ಮಗು ಹುಟ್ಟಿತು, ಗುಂಡುಗುಂಡಾದ ಹೆಣ್ಣುಮಗು. ಮರುದಿನ ನೋಡಿದರೆ ಸಕ್ಕರೆ ಮಾಯ. ಹೆರಿಗೆ ಮಾಡಿಸಿದ ಡಾಕ್ಟರಮ್ಮ ಮಂಚದ ಪಕ್ಕ ನಿಂತು ಬಿಡಿಸಿ ಹೇಳಿದರು: "ಈಗ ಹೋಗಿದೆ. ಆದರೆ ಒಂದು ಸಲ ಬಂದು ಹೋದದ್ದು ಮತ್ತೆ ಬರೋದು ಜಾಸ್ತಿ. ಆರು ವಾರ ಬಿಟ್ಟು ಬನ್ನಿ, ಸಕ್ಕರೆ ನೀರು ಕುಡಿಸಿ ನೋಡೋಣ. ಆಮೇಲೂ ವರ್ಷವರ್ಷ ತೋರಿಸ್ತಾ ಇರಿ."

ಇವಳ ಕಿವಿಗೆ ಬಿದ್ದದ್ದು 'ಹೋಗಿದೆ' ಎನ್ನುವ ಒಂದೇ ಮಾತು. ಆರು ವಾರಕ್ಕೆ ಹೋಗಬೇಕಿದ್ದ ಹೊತ್ತಿನಲ್ಲಿ ತಾಯಿ ತೀರಿಕೊಂಡರು. ಆಮೇಲೆ ಮಗುವಿಗೆ ಕೆಮ್ಮು. ಆಮೇಲೆ ಏನೋ ಒಂದು. ಆ ಆಸ್ಪತ್ರೆಯ ಕಡೆ ಅವಳು ಮತ್ತೆ ತಲೆ ಹಾಕಲಿಲ್ಲ.

ಆದರೆ 'ವರ್ಷವರ್ಷ ತೋರಿಸಿ' ಎಂದ ಮಾತು ಎಲ್ಲೋ ಒಳಗೆ ಕೊರೆಯುತ್ತಿತ್ತು. ಡ್ರೈವರ್ ಕೆಲಸ ಸಿಕ್ಕಿದ ಮೇಲೆ ಅದಕ್ಕೊಂದು ಸಮಾಧಾನ ಸಿಕ್ಕಿತು. ಏಕೆಂದರೆ ನಮ್ಮ ಡಿಪೋದಲ್ಲಿ ಪ್ರತಿ ವರ್ಷ ಡ್ರೈವರುಗಳಿಗೆ ಮೆಡಿಕಲ್ ಆಗುತ್ತದೆ. ಬಿ.ಪಿ. ನೋಡುತ್ತಾರೆ, ಕಣ್ಣಿಗೆ ಗೋಡೆಯ ಅಕ್ಷರ ಓದಿಸುತ್ತಾರೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ. ಮಿತಿ ದಾಟಿದರೆ ಸ್ಟೀರಿಂಗ್ ಕೈ ತಪ್ಪಿತು ಎಂದೇ ಅರ್ಥ. ಗೋಡೌನಿನಲ್ಲಿ ಟೈರು ಎಣಿಸುವ ಕೆಲಸಕ್ಕೆ ಹಾಕುತ್ತಾರೆ. ಬಸ್ಸು ಓಡಿಸಿ ರೂಢಿಯಾದವರಿಗೆ ಅದು ಜೈಲು.

ಅದಕ್ಕಾಗಿಯೇ ಇರುವುದು 'ತಯಾರಿ'. ಡಿಪೋದಲ್ಲಿ ಇದು ಗುಟ್ಟೇನಲ್ಲ, ಡಾಕ್ಟರಿಗೆ ಬಿಟ್ಟು ಉಳಿದವರಿಗೆಲ್ಲ ಗೊತ್ತು. ಹೊಸಬರು ಬಂದರೆ ಮೀಸೆಯಣ್ಣ ಎಂಬ ಹಳೆಯ ಡ್ರೈವರು ಕ್ಯಾಂಟೀನಿನ ಮೂಲೆಯ ಬೆಂಚಿನಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಾನೆ. ಇವಳಿಗೂ ಹೇಳಿದ.

"ನೋಡಮ್ಮಾ, ಇದೂ ಒಂದು ಪರೀಕ್ಷೆ. ಓದ್ಕೊಳ್ಳದೆ ಯಾರಾದ್ರೂ ಪರೀಕ್ಷೆಗೆ ಹೋಗ್ತಾರಾ? ಎರಡು ದಿನ ಮೊದಲೇ ಅನ್ನ, ಬ್ರೆಡ್ಡು, ಸಿಹಿ ಎಲ್ಲ ಬಂದ್. ಸೌತೆಕಾಯಿ ತಿನ್ನು, ನೀರು ಕುಡಿ. ಬೆಳಗ್ಗೆ ಸಂಜೆ ಡಿಪೋ ಕಾಂಪೌಂಡು ಸುತ್ತು ಹಾಕು. ಆಮೇಲೆ ಬೆರಳು ಕೊಡು. ಮೆಷಿನ್ನು ಕಮಕ್ ಕಿಮಕ್ ಅನ್ನಲ್ಲ."

ಆ ವಾರ ನನ್ನ ಕ್ಯಾಂಟೀನು ನೋಡಬೇಕು. ದಿನಾ ಎರಡು ಪ್ಲೇಟು ಬಾರಿಸುವ ಗಟ್ಟಿ ಗಂಡಸರು ಸನ್ಯಾಸಿಗಳಂತೆ ಸೌತೆಕಾಯಿ ಕಚ್ಚುತ್ತ ಕೂತಿರುತ್ತಾರೆ. ಸಂಜೆ ಕಾಂಪೌಂಡಿನ ಸುತ್ತ ಅವರ ಹೊಟ್ಟೆಗಳ ಮೆರವಣಿಗೆ. ಮೆಡಿಕಲ್ ಮುಗಿದ ಮಧ್ಯಾಹ್ನ ಮಾತ್ರ ನನ್ನ ಪಾತ್ರೆಯ ತಳ ಕೆರೆದು ತಿನ್ನುತ್ತಾರೆ. ನಾನು ಬೈಯುತ್ತಲೇ ಬಡಿಸುತ್ತೇನೆ.

ಉಳಿದವರಿಗೆಲ್ಲ ತಾವು ಡಾಕ್ಟರಿಗೆ ಟೋಪಿ ಹಾಕುತ್ತಿದ್ದೇವೆ ಎಂಬುದು ಗೊತ್ತಿತ್ತು. ಮೀಸೆಯಣ್ಣ ಅತ್ತ ಮೆಡಿಕಲ್‌ನಲ್ಲಿ ಪಾಸಾಗಿ, ಇತ್ತ ಹೊರಗಡೆ ಬೇರೆ ಡಾಕ್ಟರ ಹತ್ತಿರ ಗುಟ್ಟಾಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಬ್ರೇಕಮ್ಮನ ಕಥೆಯೇ ಬೇರೆ. ಅವಳು ಎರಡು ದಿನ ಎಲ್ಲರಿಗಿಂತ ಕಟ್ಟುನಿಟ್ಟಾಗಿ ತಯಾರಿ ಮಾಡುತ್ತಿದ್ದಳು. ಬೆರಳು ಕೊಟ್ಟು, ಉಸಿರು ಬಿಗಿಹಿಡಿದು ಕೂತು, ಮೆಷಿನ್ನಿನ ಅಂಕಿ ನೋಡಿ, ಓಡುತ್ತ ಕ್ಯಾಂಟೀನಿಗೆ ಬರುತ್ತಿದ್ದಳು. "ಅಕ್ಕಾ, ನನಗೆ ಸಕ್ಕರೆ ಇಲ್ಲ!" ಆ ಮುಖದ ಬೆಳಕು ಸುಳ್ಳಿನದಲ್ಲ. ತಾನೇ ಹಾಕಿದ ಟೋಪಿಯನ್ನು ತಾನೇ ತಲೆಗಿಟ್ಟುಕೊಂಡು ಅವಳು ಒಂದು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು. ಡಾಕ್ಟರಮ್ಮ ವರ್ಷವರ್ಷ ನೋಡಿಸು ಎಂದಿದ್ದರಲ್ಲ, ನೋಡಿಸಿದ್ದಾಯಿತು ಎಂಬುದು ಅವಳ ಲೆಕ್ಕ.

ಹೀಗೇ ವರ್ಷಗಳು ಉರುಳಿದವು. ಹಲ್ಲುಜ್ಜಿದರೆ ವಸಡಿನಿಂದ ರಕ್ತ ಬರತೊಡಗಿತು. ಬ್ರಷ್ ಗಟ್ಟಿ ಎಂದಳು. ಎಡ ಹೆಗಲು ಹಿಡಿದುಕೊಂಡು, ರವಿಕೆಯ ಹಿಂದಿನ ಹುಕ್ಕು ಹಾಕಲು ಕೈ ಹೋಗದೆ, ದಿನಾ ಬೆಳಗ್ಗೆ ಕೆಳಗಿಳಿದು ನನ್ನ ಮುಂದೆ ಬೆನ್ನು ತಿರುಗಿಸಿ ನಿಲ್ಲತೊಡಗಿದಳು. ಸ್ಟೀರಿಂಗ್ ಹಿಡಿಯುವವರಿಗೆಲ್ಲ ಬರುವುದೇ ಎಂದಳು. ಡಿಪೋ ತುಂಬ ಹೆಗಲುನೋವಿನವರು ಇದ್ದದ್ದರಿಂದ ಆ ಮಾತಿಗೆ ಎಲ್ಲರೂ ತಲೆಯಾಡಿಸಿದರು. ತೊಡೆಯ ಹಿಂಭಾಗದಲ್ಲಿ ಎದ್ದ ಕುರು ತಿಂಗಳಾದರೂ ಒಣಗಲಿಲ್ಲ. ಸೀಟಿನ ಕಾವು ಎಂದಳು. ಬಾಯಾರಿಕೆಯಂತೂ ಹೇಳಬಾರದು. ನಮ್ಮ ಹೆಣ್ಣು ಡ್ರೈವರುಗಳು ಕೆಲಸದ ಹೊತ್ತಿನಲ್ಲಿ ನೀರನ್ನೇ ಕುಡಿಯುವುದಿಲ್ಲ, ದಾರಿಯಲ್ಲಿ ಒಂದಕ್ಕೆ ಹೋಗಲು ಜಾಗವೆಲ್ಲಿದೆ? ಇವಳು ಮಾತ್ರ ದೊಡ್ಡ ಬಾಟಲಿ ಖಾಲಿ ಮಾಡಿ, ಪ್ರತಿ ಟ್ರಿಪ್ಪಿನ ಕೊನೆಯಲ್ಲೂ ಓಡುತ್ತಿದ್ದಳು. ಕಂಡಕ್ಟರ್ ಹುಡುಗಿ, "ಅಕ್ಕನಿಗೆ ರೇಡಿಯೇಟರ್ ಸೋರ್ತಾ ಇದೆ" ಎಂದು ನಗಿಸುತ್ತಿದ್ದಳು. ನಾವೂ ನಗುತ್ತಿದ್ದೆವು.

ನನಗೆ ಒಳಗೊಳಗೇ ಅಳುಕು ಶುರುವಾಗಿತ್ತು. ಒಂದು ಸಲ ಹುಕ್ಕು ಹಾಕುತ್ತ, "ಎಲ್ಲಾದ್ರೂ ಹೊರಗೆ ತೋರಿಸ್ಕೋಬಾರದೇನೇ?" ಎಂದೆ. ಬೆನ್ನು ತಿರುಗಿಸಿದ್ದವಳು ಹಾಗೇ ನಿಂತು, "ಪಾಸಾಗಿ ಆರು ತಿಂಗಳೂ ಆಗಿಲ್ಲ ಅಕ್ಕ" ಎಂದಳು. ಆ ದನಿಯಲ್ಲಿ ಮುಂದೆ ಮಾತಾಡಬೇಡ ಎನ್ನುವುದಿತ್ತು. ನಾನು ಕೊನೆಯ ಹುಕ್ಕು ಹಾಕಿ ಕ್ಯಾಂಟೀನಿಗೆ ಹೊರಟೆ.

ಈ ಸಲದ ಮೆಡಿಕಲ್‌ಗೆ ಒಂದು ವಾರವಿತ್ತು. ಬೆಳಗ್ಗೆ ತರಕಾರಿಗೆಂದು ಮಾರ್ಕೆಟ್ಟಿಗೆ ಹೊರಟ ನಾನು ಅವಳದೇ ಬಸ್ಸು ಹತ್ತಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಮೋಡ ಕವಿದ ಬೆಳಗು. ರಸ್ತೆ ಬೂದಿ ಬಣ್ಣ, ಗೋಡೆಗಳೂ ಬೂದಿ ಬಣ್ಣ. ಬ್ಯಾಂಕಿನ ಮುಂದೆ ಬೂದಿ ಬಣ್ಣದ ಕೋಟು ತೊಟ್ಟ ಒಬ್ಬ ಮುದುಕ ಕೋಲೂರಿಕೊಂಡು ದಾಟುತ್ತಿದ್ದ. ನನಗೆ ದೂರದಿಂದಲೇ ಕಂಡ. ಬಸ್ಸಿನ ವೇಗ ಇಳಿಯಲಿಲ್ಲ. ಈಗ ಇಳಿಯುತ್ತದೆ, ಈಗ ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ.

"ಅಕ್ಕಾ, ನಿಲ್ಸಿ!" ಎಂದು ಕಂಡಕ್ಟರ್ ಹುಡುಗಿ ಕಿರುಚಿದಳು.

ಆ ಬ್ರೇಕಿಗೆ ಬಸ್ಸಿನಲ್ಲಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ನನ್ನ ಹಣೆ ಕಂಬಿಗೆ ಬಡಿಯಿತು. ಎದ್ದು ನೋಡಿದರೆ ಮುದುಕ ಗಾಜಿನ ಆಚೆ ಹಾಗೇ ನಿಂತಿದ್ದ. ಅವನ ಮತ್ತು ಬಸ್ಸಿನ ನಡುವೆ ಒಂದು ಮಗು ನಿಲ್ಲುವಷ್ಟೂ ಜಾಗವಿರಲಿಲ್ಲ. ಅವನು ಕೋಲಿನಿಂದ ಬಸ್ಸಿನ ಮೂತಿಗೆ ಬಾರಿಸಿ, "ಕಣ್ಣು ಕಾಣಲ್ವೇನಮ್ಮಾ?" ಎಂದು ಕೂಗಿದ.

ರಸ್ತೆಯ ಮೇಲೆ ದಿನಾ ಕೇಳುವ ಬೈಗುಳ ಅದು. ಬೇರೆ ದಿನವಾಗಿದ್ದರೆ ಇವಳು ಕಿಟಕಿಯಿಂದ ತಲೆ ಹೊರಹಾಕಿ ತಕ್ಕ ಉತ್ತರ ಕೊಟ್ಟೇ ಮುಂದೆ ಹೋಗುತ್ತಿದ್ದಳು. ಆವತ್ತು ಕಿಟಕಿಯ ಕಡೆ ತಿರುಗಲೇ ಇಲ್ಲ. ಬಸ್ಸನ್ನು ರಸ್ತೆಯ ಬದಿಗೆ ನಿಲ್ಲಿಸಿ, ಜನರನ್ನು ಹಿಂದಿನ ಗಾಡಿಗೆ ಹತ್ತಿಸಿ, ಗಾಡಿ ಕೆಟ್ಟಿದೆ ಎಂದು ಡಿಪೋಗೆ ಫೋನು ಮಾಡಿಸಿದಳು. ಎಲ್ಲರೂ ಇಳಿದ ಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು.

"ಅಕ್ಕಾ, ಅವರು ನನಗೆ ಕಾಣಿಸ್ಲೇ ಇಲ್ಲ."

"ಏನಂದೆ?"

"ಒಂದು ತಿಂಗಳಿಂದ ಹೀಗೇ. ಒಂದೊಂದು ದಿನ ಎಲ್ಲ ಸರಿಯಾಗಿರುತ್ತೆ. ಒಂದೊಂದು ದಿನ ಗಾಜಿಗೆ ಎಣ್ಣೆ ಸವರಿದ ಹಾಗೆ. ಒರೆಸ್ತೀನಿ, ಒರೆಸ್ತೀನಿ, ಹೋಗೋದೇ ಇಲ್ಲ."

ಗಾಜು ಲಕಲಕ ಹೊಳೆಯುತ್ತಿತ್ತು. ಅವಳ ತಾಯಿಯ ತಣ್ಣನೆಯ ಬೆರಳುಗಳು ನೆನಪಾಗಿ ಕೆನ್ನೆ ಒರೆಸಿಕೊಂಡೆ.

ಅಂದಿನಿಂದ ಬೆನ್ನುನೋವು ಎಂದು ರಜೆ ಹಾಕಿ ಮನೆಯಲ್ಲೇ ಕೂತಳು. ಸದ್ಯ, ಅಷ್ಟಾದರೂ ಬುದ್ಧಿ ಇತ್ತು. ಇನ್ನು ತಾನಾಗಿ ಡಾಕ್ಟರ ಹತ್ತಿರ ಹೋಗುತ್ತಾಳೆ ಎಂದು ನಾನು ಕಾದೆ. ಮೆಡಿಕಲ್‌ಗೆ ಎರಡು ದಿನ ಇದೆ ಎನ್ನುವಾಗ, ಮಧ್ಯಾಹ್ನ ಊಟದ ಹೊತ್ತಿಗೆ ಮಹಡಿಯಿಂದ ಇಳಿದು ನನ್ನ ಅಡುಗೆಮನೆಗೆ ಬಂದಳು. ಹಿಂದೆಯೇ ಮಗಳೂ ಬಂದು, ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಳು. ಈಗ ಹದಿನೈದರ ಹುಡುಗಿ, ಇನ್ನೂ ಗುಂಡುಗುಂಡಾಗೇ ಇದ್ದಾಳೆ.

"ಅಕ್ಕಾ, ಎರಡು ಸೌತೆಕಾಯಿ ಹೆಚ್ಚಿಕೊಡ್ತೀಯಾ?"

ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. "ನಿನಗೆ ತಲೆಗಿಲೆ ಕೆಟ್ಟಿದೆಯಾ? ಮೊನ್ನೆ ಆ ಮುದುಕ ನಿನ್ನ ಚಕ್ರದಡಿ ಹೋಗ್ತಿದ್ದ. ಇನ್ನೂ ತಯಾರಿ ಬೇಕಾ ನಿನಗೆ?"

"ಒಂದು ಸಲ ಪಾಸಾಗ್ಲಿ. ಸಕ್ಕರೆ ಇಲ್ಲ ಅಂತ ಗೊತ್ತಾಗ್ಲಿ. ಆಮೇಲೆ ಕಣ್ಣಿಗೆ ಕನ್ನಡಕ ಮಾಡಿಸ್ಕೋತೀನಿ."

"ದೊಡ್ಡಮ್ಮ, ಅಮ್ಮ ಪ್ರತಿ ವರ್ಷ ಪಾಸಾಗ್ತಾಳಲ್ಲ" ಎಂದು ಹುಡುಗಿ ತಾಯಿಯ ಪರ ವಹಿಸಿದಳು.

"ಆಗ್ತಾಳೆ ಕಣಮ್ಮ. ಎರಡು ದಿನ ಉಪವಾಸ ಬಿದ್ದರೆ ಪಾಸಾಗದೆ ಏನು? ಆ ಎರಡು ದಿನಕ್ಕೆ ನಿಮ್ಮಮ್ಮನಿಗೆ ಸಕ್ಕರೆ ಇಲ್ಲ. ಉಳಿದ ವರ್ಷದ್ದು ಯಾರು ನೋಡಿದ್ದಾರೆ? ಆ ಮೆಷಿನ್ನು ನೋಡಿದೆಯಾ? ಮೀಸೆಯಣ್ಣ ನೋಡಿದಾನಾ?"

ಬ್ರೇಕಮ್ಮ ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ. ಗೋಡೆಗೆ ಒರಗಿ ನಿಂತಲ್ಲೇ ಜಾರಿ ನೆಲದ ಮೇಲೆ ಕೂತಳು. ಅಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ ಹಾಗೇ.

"ನನಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ ಅಕ್ಕ?" ಎಂದಳು. ದನಿ ಬಾವಿಯೊಳಗಿಂದ ಬಂದಂತಿತ್ತು. "ಎರಡು ವರ್ಷದಿಂದ ಗೊತ್ತು. ನೋಡಿಸಿದ್ರೆ ಇದೆ ಅಂತಾರೆ. ಇದೆ ಅಂದ್ರೆ ಮೊದಲು ಬೆರಳು ಹೋಗುತ್ತೆ, ಆಮೇಲೆ ಕಾಲು, ಆಮೇಲೆ ಕಣ್ಣು. ನನಗೆ ಆ ಸಾಲು ಬಾಯಿಪಾಠ ಆಗಿದೆ. ಅದಕ್ಕೇ ಪ್ರತಿ ವರ್ಷ ಇಲ್ಲ ಅನ್ನಿಸ್ಕೊಂಡು ಬರ್ತೀನಿ."

ನನ್ನ ಸಿಟ್ಟು ಇಳಿಯಲಿಲ್ಲ. ಸಿಟ್ಟಿದ್ದರೇ ನನ್ನ ಕೈಕಾಲು ಆಡುವುದು. ಸೌತೆಕಾಯಿ ತೆಗೆದು ಕಿಟಕಿಯ ಆಚೆ ಎಸೆದೆ. ತಟ್ಟೆಗೆ ಅನ್ನ, ಸಾರು, ಪಲ್ಯ ಬಡಿಸಿ ಅವಳ ಮುಂದಿಟ್ಟು, "ತಿನ್ನು. ದಿನಾ ಎಷ್ಟು ತಿಂತೀಯೋ ಅಷ್ಟೇ ತಿನ್ನು. ತಿಂದು ಸೀರೆ ಬದಲಾಯಿಸು. ಇವತ್ತೇ ಹೋಗೋಣ. ಡಿಪೋ ಡಾಕ್ಟರ ಹತ್ತಿರ ಅಲ್ಲ" ಎಂದೆ. ಅವಳು ಪ್ರತಿ ತುತ್ತನ್ನೂ ವಿಷ ನುಂಗಿದ ಹಾಗೆ ನುಂಗಿದಳು. ಕಣ್ಣೀರು ತಟ್ಟೆಗೇ ಬೀಳುತ್ತಿತ್ತು. ನಾನೂ ಅತ್ತೆ, ಆದರೆ ಒಲೆಯ ಕಡೆ ತಿರುಗಿ.

ಆಸ್ಪತ್ರೆಗೆ ಮೂವರೂ ಹೋದೆವು. ಹುಡುಗಿ ತಾನೂ ಬರುತ್ತೇನೆ ಎಂದು ಹಟ ಹಿಡಿದಿದ್ದಳು. ನರ್ಸು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ, ವಸಡು, ಹೆಗಲು, ಕುರು ಒಂದನ್ನೂ ಬಿಡಲಿಲ್ಲ. ತೋಳಿನಿಂದ ರಕ್ತ ತೆಗೆದರು. ಕಣ್ಣಿಗೆ ಹನಿ ಹಾಕಿ, ಕತ್ತಲ ಕೋಣೆಯಲ್ಲಿ ಕೂರಿಸಿ ಬೆಳಕು ಬಿಟ್ಟು ನೋಡಿದರು. ಕಾಯುವ ಜಾಗದಲ್ಲಿ ಕುರ್ಚಿಗಳೆಲ್ಲ ಒಂದಕ್ಕೊಂದು ಜೋಡಿಸಿದ್ದವು, ಹಾಗಾಗಿ ಅವಳ ನಡುಕ ನನ್ನ ಕುರ್ಚಿಗೂ ಬರುತ್ತಿತ್ತು. ಒಳಗೆ ಕರೆದಾಗ ಅವಳು ನನ್ನ ಸೆರಗು ಹಿಡಿದುಕೊಂಡಳು. ಸಣ್ಣ ಮಕ್ಕಳು ಹಿಡಿಯುತ್ತಾರಲ್ಲ, ಹಾಗೆ.

ಇಲ್ಲಿಯ ಡಾಕ್ಟರಮ್ಮ ನಮಗಿಂತ ಚಿಕ್ಕವರು. ಮಾತು ಮೆತ್ತಗೆ, ಸುತ್ತುಬಳಸಿಲ್ಲ. "ಇದು ಈವತ್ತಿನ ಸಕ್ಕರೆ ಅಲ್ಲ. ಹಿಂದಿನ ಎರಡು ಮೂರು ತಿಂಗಳದ್ದು. ತುಂಬ ಜಾಸ್ತಿ ಇದೆ. ಬಸುರಿಯಾಗಿದ್ದಾಗ ಬಂದಿತ್ತಾ?"

"ಬಂದಿತ್ತು. ಹೋಯ್ತು" ಎಂದಳು ಬ್ರೇಕಮ್ಮ.

"ಹೆರಿಗೆ ಆದ ಮೇಲೆ ಅಂಕಿ ಇಳಿಯುತ್ತಮ್ಮ. ಆದರೆ ಮೈಯೊಳಗೆ ಒಂದು ಸಣ್ಣ ಉರಿಯೂತ ಉಳ್ಕೋಬಹುದು. ಹೊಗೆ ಕಾಣಲ್ಲ, ಬೂದಿ ಮುಚ್ಚಿದ ಕೆಂಡದ ಥರ. ಸದ್ದಿಲ್ಲದೆ ರಕ್ತನಾಳ, ಲಿವರ್ರು, ಹೃದಯ ಎಲ್ಲಕ್ಕೂ ಬಿಸಿ ತಾಗಿಸ್ತಾ ಇರುತ್ತೆ. ನಿಮ್ಮ ವಸಡು, ಹಿಡ್ಕೊಂಡಿರೋ ಹೆಗಲು, ಒಣಗದ ಗಾಯ, ಇವೆಲ್ಲ ಬೇರೆ ಬೇರೆ ಅಂತ ನೀವು ತಿಳ್ಕೊಂಡ್ರಿ. ನನಗೇನೋ ಎಲ್ಲ ಒಂದೇ ದಾರದಲ್ಲಿ ಕಾಣ್ತಿವೆ."

"ಕಣ್ಣು?" ಎಂದೆ ನಾನು. ಅವಳಿಗೆ ಕೇಳುವ ಧೈರ್ಯವಿರಲಿಲ್ಲ.

"ಮಸುಕು ಸಕ್ಕರೆ ಏರಿಳಿಯೋದಕ್ಕೆ. ಅದು ಇಳಿದ್ರೆ ತಿಳಿಯಾಗಬಹುದು. ಆದರೆ ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತದ ಸಣ್ಣ ಚುಕ್ಕೆಗಳು ಕಾಣಿಸ್ಕೊಂಡಿವೆ. ಈಗ ಹಿಡಿದಿದೀವಿ, ಬಿಡೋದು ಬೇಡ. ಸಕ್ಕರೆ ಇಳಿದು ಕಣ್ಣು ಸರಿಹೋಗೋವರೆಗೂ ಬಸ್ಸು ಮುಟ್ಟಬೇಡಿ."

"ಆಮೇಲೆ ಓಡಿಸಬಹುದಾ?" ಎಂದು ಅದನ್ನೂ ನಾನೇ ಕೇಳಿದೆ.

"ನೋಡೋಣ" ಎಂದರು ಅವರು. ನನ್ನ ಜೀವನದಲ್ಲಿ ಅಷ್ಟು ಹೆದರಿಸಿದ ಮಾತು ಇನ್ನೊಂದಿಲ್ಲ.

ಬ್ರೇಕಮ್ಮ ಅಳಲಿಲ್ಲ. ಬಹಳ ವರ್ಷ ಹೊತ್ತುಕೊಂಡು ತಿರುಗಿದ್ದನ್ನು ಯಾರೋ ಕೈಯಿಂದ ಕಿತ್ತು ಮೇಜಿನ ಮೇಲೆ ಇಟ್ಟ ಹಾಗೆ, ಸುಮ್ಮನೆ ಆ ಮೇಜನ್ನೇ ನೋಡುತ್ತ ಕೂತಳು. ಮಾತ್ರೆಗಳನ್ನು ಬರೆಯುತ್ತಿದ್ದ ಡಾಕ್ಟರಮ್ಮ ತಲೆ ಎತ್ತಿ, ಬಾಗಿಲ ಹತ್ತಿರ ನಿಂತಿದ್ದ ಹುಡುಗಿಯನ್ನು ನೋಡಿದರು.

"ಆ ಬಸುರಿನ ಮಗು ಇವಳೇನಾ?"

"ಹೌದು."

"ಬಾಮ್ಮಾ ಇಲ್ಲಿ. ತಾಯಿಗೆ ಸಕ್ಕರೆ ಇದ್ದಾಗ ಹೊಟ್ಟೆಯಲ್ಲಿದ್ದ ಮಕ್ಕಳನ್ನೂ ಒಂದು ಸಲ ನೋಡಿಬಿಡೋದು ಒಳ್ಳೇದು. ಮಕ್ಕಳಿಗೂ ಬರೋ ಸಂಭವ ಸ್ವಲ್ಪ ಜಾಸ್ತಿ."

ಇದನ್ನು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ಬೆರಳು, ಕಾಲು, ಕಣ್ಣು ಎಂದು ಇವಳು ತನ್ನ ಮೈಯನ್ನಷ್ಟೇ ಲೆಕ್ಕ ಹಾಕಿದ್ದಳು. ಈಗ ಅವಳ ಕಣ್ಣು ಮಗಳ ಮೇಲೆ ನೆಟ್ಟಿತು. ಆ ಮುಖವನ್ನು ನಾನು ಮತ್ತೆ ನೋಡಲಾರೆ.

ಹುಡುಗಿ ಗೋಡೆಗೆ ಅಂಟಿಕೊಂಡಳು. ಎರಡೂ ಕೈ ಬೆನ್ನ ಹಿಂದೆ. "ಇವತ್ತು ಬೇಡ. ಇವತ್ತು ನಾನು ಊಟ ಮಾಡಿದೀನಿ. ಬಿಸ್ಕತ್ತೂ ತಿಂದಿದೀನಿ" ಎಂದಳು. ಡಾಕ್ಟರಮ್ಮ ಪರವಾಗಿಲ್ಲ ಎಂದು ನರ್ಸನ್ನು ಕರೆಯುವಷ್ಟರಲ್ಲಿ ಹುಡುಗಿ ತಾಯಿಯ ಕಡೆ ತಿರುಗಿ ಬೇಡಿಕೊಂಡಳು. "ಅಮ್ಮಾ, ಎರಡು ದಿನ ಟೈಮ್ ಕೊಡು. ನಾನೂ ನಿನ್ನ ಥರ ತಯಾರಿ ಮಾಡ್ಕೊಂಡು ಬರ್ತೀನಿ. ಪಾಸಾಗ್ತೀನಿ ಅಮ್ಮ, ನಿಜವಾಗ್ಲೂ ಪಾಸಾಗ್ತೀನಿ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ.

ಬ್ರೇಕಮ್ಮ ಎದ್ದಳು. ಕಣ್ಣಿಗೆ ಹಾಕಿದ ಹನಿಯಿಂದಾಗಿ ಅವಳಿಗೆ ಇನ್ನೂ ಎಲ್ಲ ಮಂಜುಮಂಜು. ಮೇಜು ತಡವಿ, ಕುರ್ಚಿ ತಡವಿ, ಮಗಳ ಹತ್ತಿರ ಹೋಗಿ, ಬೆನ್ನ ಹಿಂದಿನ ಕೈಯನ್ನು ಹುಡುಕಿ ಹಿಡಿದು ಮುಂದಕ್ಕೆ ತಂದಳು. ತಾನೇ ಅವಳ ಅಂಗಿಯ ತೋಳು ಮಡಚಿದಳು. ಬಟ್ಟೆ ಎರಡು ಸಲ ಜಾರಿತು, ಮತ್ತೆ ಮಡಚಿದಳು.

"ಬೇಡ ಕಂದಾ. ತಯಾರಿ ಬೇಡ. ಉಂಡ ಹೊಟ್ಟೆಯಲ್ಲೇ ಕೊಡು."

"ಫೇಲಾದ್ರೆ?"

"ಫೇಲಾದ್ರೆ ಇಬ್ಬರೂ ಒಟ್ಟಿಗೆ ಮಾತ್ರೆ ನುಂಗೋಣ" ಎಂದಳು. ನಗಲು ನೋಡಿದಳು, ಆಗಲಿಲ್ಲ. ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು, ಅವಳ ತೋಳನ್ನು ನರ್ಸಿನ ಕಡೆ ಚಾಚಿ ಹಿಡಿದಳು.